ರಾತ್ರಿ ಎಂಟೂವರೆಯ ಆಟ

ಕೋಲ್ಟರ್ ಬೆಂಡ್, ಮೊಂಟಾನಾ
ನವೆಂಬರ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಗಾರ್ತ್,

ಹೇಗಿದ್ದೀಯ? ಹೋದ ವಾರ ಫೋನಿನಲ್ಲಿ ನಿನ್ನ ಕೆಮ್ಮು ಕೇಳಿದಾಗ ಎದೆಯ ಆಳದಿಂದ ಬರುತ್ತಿದೆ ಅನ್ನಿಸಿತು. ಡಾಕ್ಟರ ಹತ್ತಿರ ಹೋಗಿದ್ದೆ ಅಂದೆ, ಆದರೆ ಅದನ್ನು ಹೇಳಿದ ಅವಸರದಲ್ಲೇ ನೀನು ಹೋಗಿಲ್ಲ ಅಂತ ಗೊತ್ತಾಯಿತು. ಹೋಗು. ಡಬ್ಬಿಯ ಹುರುಳಿಕಾಳು ಬಿಸಿ ಮಾಡಿಕೊಂಡು ಅದನ್ನೇ ಊಟ ಅನ್ನುವುದನ್ನೂ ಬಿಡು. ನಾನು ಚೆನ್ನಾಗಿದ್ದೇನೆ. ಬಲಭುಜ ನೋಯುತ್ತಿದೆ. ಅದು ಪ್ರತಿ ನವೆಂಬರಿನಲ್ಲೂ ನೋಯುವಂಥದ್ದೇ, ಕಾಲೇಜಿನ ಬ್ಯಾಂಡಿನ ಮುಂದೆ ನಿಂತು ಚಳಿಯಲ್ಲಿ ಕೈ ಬೀಸುವವರಿಗೆ ಬೇರೇನು ಆದೀತು. ಟಿಲ್ಲಿ ಇನ್ನೂ ಸಂಜೆಯಾದರೆ ನಿನ್ನ ಕುರ್ಚಿಯ ಕಾಲಿಗೆ ಮೂತಿ ಆನಿಸಿ ಮಲಗುತ್ತಾಳೆ. ಖಾಲಿ ಕಾಣಬಾರದೆಂದು ಆ ಕುರ್ಚಿಯ ಮೇಲೆ ನಾನು ಸ್ವರದ ಹಾಳೆಗಳನ್ನು ಹರವಿಟ್ಟಿದ್ದೇನೆ. ಇಬ್ಬರಿಗೆ ಬೇಯಿಸಿ ಅಭ್ಯಾಸವಾದ ಕೈ ಒಬ್ಬಳ ಅಳತೆಯನ್ನು ಇನ್ನೂ ಕಲಿತಿಲ್ಲ. ಹಾಗಾಗಿ ಒಂದೇ ಸೂಪನ್ನು ಮೂರು ದಿನ ಕುಡಿಯುತ್ತೇನೆ, ಮೂರನೆಯ ದಿನ ಟಿಲ್ಲಿಗೂ ಸ್ವಲ್ಪ ಹಾಕುತ್ತೇನೆ.

ಫೋನು ಇರುವಾಗ ಪತ್ರ ಯಾಕೆ ಅಂತ ಕೇಳುತ್ತೀಯ. ಫೋನಿನಲ್ಲಿ ನಾನು ಯಾವ ಮಾತು ತೆಗೆಯಲಿದ್ದೇನೆಂದು ನಿನಗೆ ಮೊದಲೇ ತಿಳಿದುಬಿಡುತ್ತದೆ, ಕೂಡಲೇ ಅಲ್ಲಿ ಹಿಮ ಬಿತ್ತಾ ಅಂತ ಕೇಳುತ್ತೀಯ. ನಾನೂ ಹಿಮದ ವಿಷಯ ಹೇಳಿ ಫೋನು ಇಡುತ್ತೇನೆ. ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ಹೇಳಬೇಕಾಗಿದ್ದನ್ನೆಲ್ಲ ಒಲೆಯ ಮುಂದೆ ಹೇಳುತ್ತೇನೆ. ಕಾಗದವಾದರೆ ನನ್ನ ಮಾತನ್ನು ನಡುವೆ ತಡೆಯುವುದಿಲ್ಲ.

ಏಪ್ರಿಲಿನಲ್ಲಿ ಲೋವೆಲ್‌ನ ಹೋಟೆಲಿನಲ್ಲಿ ನಿನಗೆ ಕೊಟ್ಟ ಬೀಳ್ಕೊಡುಗೆ ನೆನಪಿದೆಯಾ? ಅಷ್ಟು ವರ್ಷ ನಮ್ಮ ಕಾಲೇಜಿನ ಆಟಗಳಿಗೆ ಟಿಕೆಟ್ಟು, ಬಸ್ಸು ಅಂತ ಓಡಾಡಿದವನನ್ನು ಕಾಲೇಜುಗಳ ಒಕ್ಕೂಟದವರು ಡೆನ್ವರಿಗೆ ಕರೆದು, ಟೀವಿಯವರ ಎದುರು ಕೂತು ಎಲ್ಲರ ಫುಟ್‌ಬಾಲ್ ಆಟಗಳ ದಿನ ಮತ್ತು ಹೊತ್ತು ಗೊತ್ತುಮಾಡುವ ಕೆಲಸ ಕೊಟ್ಟಿದ್ದರು. ಊರಿಗೆ ಊರೇ ಎದೆ ಉಬ್ಬಿಸಿಕೊಂಡಿತ್ತು. ಲೋವೆಲ್ ಕೇಕಿನ ಮೇಲೆ ಸಕ್ಕರೆಯಲ್ಲಿ ಗಡಿಯಾರ ಬರೆಸಿ, ಮುಳ್ಳನ್ನು ಮಧ್ಯಾಹ್ನ ಒಂದು ಗಂಟೆಗೆ ನಿಲ್ಲಿಸಿದ್ದ. “ಇನ್ಮೇಲೆ ನಮ್ಮ ಆಟ ಅಂದ್ರೆ ಶನಿವಾರ ಮಧ್ಯಾಹ್ನ ಒಂದಕ್ಕೇ. ನಮ್ಮೋನೇ ಅಲ್ಲಿ ಕೂತಿರ್ತಾನಲ್ಲ,” ಅಂದ. ಎಲ್ಲರೂ ಮೇಜು ಬಡಿದರು. ನೀನು ಕೇಕು ಕತ್ತರಿಸುತ್ತ ಮೆಲ್ಲಗೆ, “ಲೋವೆಲ್, ಅಲ್ಲಿ ನಾನು ಯಾರ ಕಡೆಯೋನೂ ಅಲ್ಲ,” ಅಂದೆ. ಆ ಗದ್ದಲದಲ್ಲಿ ಅದು ನನಗೊಬ್ಬಳಿಗೇ ಕೇಳಿಸಿತು. ಆಗ ನನಗೆ ಹೆಮ್ಮೆಯಾಗಿತ್ತು ಗಾರ್ತ್. ಈಗಲೂ ಆ ಹೆಮ್ಮೆ ಹೋಗಿಲ್ಲ. ಆದರೆ ಅದರ ಜೊತೆಗೆ ಈಗ ಬೇರೇನೋ ಸೇರಿಕೊಂಡಿದೆ.

ಜೂನಿನಲ್ಲಿ ವೇಳಾಪಟ್ಟಿ ಬಂತು. ನಮ್ಮೂರಲ್ಲಿ ನಡೆಯುವ ಐದು ಆಟಗಳಲ್ಲಿ ನಾಲ್ಕು ರಾತ್ರಿ ಎಂಟೂವರೆಗೆ. ಅದಕ್ಕೆ ಮುಂಚಿನ ವರ್ಷ ಎರಡೇ ಇದ್ದವು. ಟೀವಿಯವರ ಲೆಕ್ಕಾಚಾರವನ್ನು ನೀನೇ ನನಗೆ ಬಿಡಿಸಿ ಹೇಳಿದ್ದೀಯ. ಒಳ್ಳೆಯ ಹೊತ್ತೆಲ್ಲ ದೊಡ್ಡ ಕಾಲೇಜುಗಳಿಗೆ. ಗಡಿಯಾರ ನಮಗಿಂತ ಎರಡು ಗಂಟೆ ಮುಂದಿರುವ ಪೂರ್ವದ ಊರುಗಳು ಮಲಗುವ ಹೊತ್ತಿಗೆ ಪರದೆ ಖಾಲಿಯಾಗುತ್ತದೆ, ಆ ಖಾಲಿಯನ್ನು ತುಂಬಲು ನಮ್ಮಂಥವರು ಬೇಕು. ಎಲ್ಲೋ ನಿದ್ದೆ ಬಾರದ ಯಾರೋ ಒಬ್ಬ ಸೋಫಾದ ಮೇಲೆ ಮಲಗಿ ನಮ್ಮ ಹುಡುಗರನ್ನು ಅರೆಗಣ್ಣಿನಲ್ಲಿ ನೋಡಲಿ ಅಂತ ನಾವು ಕಂಬಳಿ ಹೊದ್ದು ಕೂರಬೇಕು. ಇಷ್ಟೂ ಊರಿಗೆ ಗೊತ್ತಿತ್ತು. ಊರಿಗೆ ಅರ್ಥವಾಗದಿದ್ದದ್ದು ಒಂದೇ, ನೀನು ಅಲ್ಲಿರುವಾಗಲೇ ಎರಡು ನಾಲ್ಕಾದದ್ದು ಹೇಗೆ.

ನೀನು ಇಲ್ಲಿಲ್ಲದ ಕಾರಣ ಕೇಳಲು ಸಿಕ್ಕವಳು ನಾನು. ಲೋವೆಲ್ ಕಾಫಿ ಸುರಿಯುತ್ತ, “ಆ ಕೇಕಿಗೆ ನಾನು ಎರಡು ಡಜನ್ ಮೊಟ್ಟೆ ಹಾಕಿದ್ದೆ ಮಾರ್ಲಿಸ್, ನಿನ್ನ ಗಂಡನಿಗೆ ಹೇಳು, ವಾಪಸ್ ಕಳಿಸ್ಲಿ,” ಅಂದ. ತಮಾಷೆಗೇ ಅಂದದ್ದು, ನಾನೂ ನಕ್ಕೆ. ಆದರೆ ಸೆಪ್ಟೆಂಬರಿನ ಎರಡನೇ ರಾತ್ರಿ ಆಟದ ಹೊತ್ತಿಗೆ ಅವನು ತಮಾಷೆ ಬಿಟ್ಟಿದ್ದ. ಆಟಕ್ಕೆ ಮುಂಚೆ ಊಟಕ್ಕೆ ಬರುತ್ತಿದ್ದವರು ಬರಲಿಲ್ಲ, ಆಟ ಮುಗಿದ ಮೇಲೆ ಯಾರೂ ಹೋಟೆಲ್ ಕಡೆ ತಿರುಗಿಯೂ ನೋಡದೆ ಮನೆಯ ದಾರಿ ಹಿಡಿದರು. ಚರ್ಚಿನ ಹೆಂಗಸರು ಶನಿವಾರದ ಸೂಪು ಮಾರಾಟವನ್ನೇ ನಿಲ್ಲಿಸಿದರು. ಅಂಗಡಿಯಲ್ಲಿ ನಾನು ಒಳಗೆ ಹೋದರೆ ಮಾತು ಸಣ್ಣಗಾಗುತ್ತಿತ್ತು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಅದೇ ಕಷ್ಟ. ಯಾರಾದರೂ ಜಗಳ ತೆಗೆದಿದ್ದರೆ ಮಾತಾದರೂ ಆಡಬಹುದಿತ್ತು. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ, ಆ ದಿನವಿಡೀ ಯಾರೊಂದಿಗೂ ಬೆಲೆ ಮತ್ತು ಹವೆಯ ಹೊರತು ಬೇರೆ ಮಾತೇ ಆಡಿಲ್ಲ ಅಂತ ಹೊಳೆದ ಸಂಜೆಗಳು ಎಷ್ಟೋ.

ಆಟದ ಹೊತ್ತಿನಲ್ಲಿ ನಾನು ಮೈದಾನಕ್ಕೆ ಬೆನ್ನು ಮಾಡಿ ನಿಲ್ಲುವವಳು ಅಂತ ನಿನಗೆ ಗೊತ್ತೇ ಇದೆ. ಯಾರು ಗೆದ್ದರು ಅಂತ ನನಗೆ ಹುಡುಗರ ಮುಖದಿಂದ ಗೊತ್ತಾಗಬೇಕು. ಬ್ಯಾಂಡಿನ ಆಚೀಚೆ ಕೂತವರನ್ನು ಮಾತ್ರ ನನ್ನಷ್ಟು ನೋಡಿದವರು ಯಾರೂ ಇಲ್ಲ. ಈ ವರ್ಷ ಸಾಲುಗಳು ಬರಿದಾಗುವುದನ್ನು ನೋಡಿದೆ. ಮೊದಲು ಮಕ್ಕಳಿರುವವರು ಬರುವುದು ನಿಲ್ಲಿಸಿದರು, ಆಮೇಲೆ ಬೆಳಗ್ಗೆ ಹಾಲು ಕರೆಯುವವರು. ಟೀವಿಯವರು ಜಾಹೀರಾತು ಹಾಕುವಾಗ ಕೆಂಪು ಟೋಪಿಯವನೊಬ್ಬ ಮೈದಾನದ ಅಂಚಿನಲ್ಲಿ ಬಂದು ನಿಲ್ಲುತ್ತಾನಲ್ಲ, ಅವನು ಕದಲುವವರೆಗೆ ಇಪ್ಪತ್ತೆರಡು ಹುಡುಗರು ಕೈ ಉಜ್ಜಿಕೊಳ್ಳುತ್ತ ಕಾಯುತ್ತಾರೆ, ನಾವೂ ಕಾಯುತ್ತೇವೆ. ತುತ್ತೂರಿಯ ಕೀಲಿಗಳು ಹೆಪ್ಪುಗಟ್ಟುತ್ತವೆ ಅಂತ ನನ್ನ ಬ್ಯಾಂಡಿನ ಮಕ್ಕಳು ಅವನ್ನು ಕೋಟಿನೊಳಗೆ ಅವಚಿಕೊಂಡು ಕೂರುತ್ತಾರೆ.

ಎಷ್ಟೇ ಖಾಲಿಯಾದರೂ ಬ್ಯಾಂಡಿನ ಎಡಕ್ಕೆ ಮೂರನೇ ಸಾಲಿನಲ್ಲಿ ಇಬ್ಬರು ಇದ್ದೇ ಇರುತ್ತಿದ್ದರು, ಓರಿನ್ ಮತ್ತು ವರ್ನಾ ಸ್ಕೋಗನ್. ಸ್ಯಾಂಡ್ ಕೂಲಿ ಕಣಿವೆಯ ಆಚೆಗಿನ ಅವರ ಹುಲ್ಲುಗಾವಲಿನಿಂದ ಇಲ್ಲಿಗೆ ಎರಡು ಗಂಟೆಯ ದಾರಿ. ನಮ್ಮ ಮದುವೆಯ ವರ್ಷ ಆ ದಾರಿಯಲ್ಲಿ ನಮ್ಮ ಕಾರು ಹಿಮದಲ್ಲಿ ಹೂತಾಗ ಟ್ರ್ಯಾಕ್ಟರು ತಂದು ಎಳೆದದ್ದು ಇದೇ ಓರಿನ್. ಅವರಿಗೆ ಮಕ್ಕಳಿಲ್ಲ, ತಂಡದ ಹುಡುಗರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು. ಚೆಂಡು ಬಿಟ್ಟವನಿಗೆ ಓರಿನ್, “ಪರವಾಗಿಲ್ಲ ಮಗಾ, ನಂಗೂ ಬೆಳಗ್ಗೆ ಕಾಫಿ ಲೋಟ ಬಿತ್ತು,” ಅಂತ ಕೂಗುತ್ತಿದ್ದ. ಅರ್ಧ ಆಟದ ಬಿಡುವಿನಲ್ಲಿ ನಾವು ನುಡಿಸಿ ಮುಗಿಸಿದಾಗ ಎದ್ದು ನಿಂತು ಟೋಪಿ ತೆಗೆಯುವವನು ಅವನೊಬ್ಬನೇ.

ಅಕ್ಟೋಬರಿನ ಕೊನೆಯ ಆ ಶನಿವಾರ ಆಟ ಸರಿಸಮವಾಗಿ ಮುಗಿದು, ಹೆಚ್ಚಿನ ಸುತ್ತುಗಳಿಗೆ ಎಳೆಯಿತು. ಪ್ರತಿ ಸುತ್ತಿನ ಮುಂಚೆಯೂ ಕೆಂಪು ಟೋಪಿಯವನು ಬಂದು ನಿಂತ. ನಾನು ಎಡಕ್ಕೆ ನೋಡಿದಾಗ ಉಳಿದವರು ಬೆರಳೆಣಿಕೆಯಷ್ಟು ಜನ, ಅವರಲ್ಲಿ ಆ ಇಬ್ಬರು ಒಂದೇ ಕಂಬಳಿಯೊಳಗೆ. ನಮ್ಮವರು ಗೆದ್ದರು. ಓರಿನ್ ಟೋಪಿ ಬೀಸಿ ನನಗೆ ಏನೋ ಕೂಗಿದ, ಬ್ಯಾಂಡಿನ ಸದ್ದಿನಲ್ಲಿ ಕೇಳಿಸಲಿಲ್ಲ. ಏನಂದ ಅಂತ ಸೋಮವಾರ ಫೋನು ಮಾಡಿ ಕೇಳೋಣ ಅಂದುಕೊಂಡಿದ್ದೆ.

ಉಳಿದದ್ದು ನಿನಗೆ ಗೊತ್ತು. ಮನೆ ಇನ್ನೇನು ಬಂತು ಅನ್ನುವಲ್ಲಿ ಓರಿನ್‌ಗೆ ತೂಕಡಿಕೆ ಬಂದಿತ್ತು. ಲಾರಿ ಹೊಡೆಯಲಿಲ್ಲ, ಜಿಂಕೆ ಅಡ್ಡ ಬರಲಿಲ್ಲ, ಮಂಜೂ ಇರಲಿಲ್ಲ. ನೇರ ದಾರಿಯಲ್ಲಿ ಪಿಕಪ್ಪು ಮೆಲ್ಲಗೆ ಬದಿಗೆ ಸರಿದು ಮೋರಿಯ ಗೋಡೆಗೆ ಬಡಿಯಿತು. ವರ್ನಾಳ ತೋಳು, ಪಕ್ಕೆಲುಬು ಮುರಿದವು. ಬೆಳಗಿನ ಹಾಲಿನ ಗಾಡಿ ಬರುವವರೆಗೆ ಅವಳು ಅವನ ಪಕ್ಕದಲ್ಲೇ ಕೂತಿದ್ದಳು.

ಓರಿನ್‌ನ ಅಂತ್ಯಕ್ರಿಯೆಗೆ ನೀನು ಬರುತ್ತೀಯ ಅಂತ ನಾನು ನಿನ್ನ ಕಪ್ಪು ಕೋಟನ್ನು ಹೊರಗೆ ತೆಗೆದು ಗಾಳಿಗೆ ಹಾಕಿದ್ದೆ. ನೀನು ಫೋನಿನಲ್ಲಿ, “ಈಗ ನಾನು ಬಂದ್ರೆ ಒಕ್ಕೂಟ ತಪ್ಪು ಒಪ್ಪಿಕೊಂಡ ಹಾಗೆ ಅಂತಾರೆ, ಬರದಿದ್ರೆ ನಾನು ಕಲ್ಲು ಅಂತಾರೆ,” ಅಂದೆ. ಆಮೇಲೆ ನೀನೇ ಹಿಮ ಬಿತ್ತಾ ಅಂತ ಕೇಳಿದೆ. ನಿನ್ನ ಬದಲು ಒಕ್ಕೂಟದ ಹೂವು ಬಂತು, ಹೂವಿನ ಜೊತೆಗೆ ನಿನ್ನ ಆಫೀಸಿನ ಪ್ರಿಸಿಲ್ಲಾ ಓಚೋವಾ ಬಂದಳು. ಒಳ್ಳೆಯ ಹೆಂಗಸು. ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಸೇರಿದಾಗ ಯಾರೂ ಅವಳ ಪಕ್ಕ ಕೂರಲಿಲ್ಲ, ನಾನು ಹೋಗಿ ಕೂತೆ. ಊರಿನವರ ಮುಖ ನೋಡಿ ಅವಳಿಗೆ ನಿನ್ನ ಪರವಾಗಿ ಏನಾದರೂ ಹೇಳಬೇಕು ಅನ್ನಿಸಿರಬೇಕು. “ನಮ್ಮ ಆಫೀಸಲ್ಲಿ ಗಾರ್ತ್‌ನಷ್ಟು ಪ್ರಾಮಾಣಿಕ ಇನ್ನೊಬ್ಬರಿಲ್ಲ. ನಿಮ್ಮ ಕಾಲೇಜಿನ ಮಾತು ಬಂದ ತಕ್ಷಣ ಎದ್ದು ಹೊರಗೆ ಹೋಗ್ತಾರೆ. ನಾವೇ ಕರೆದ್ರೂ ಒಳಗೆ ಬರಲ್ಲ,” ಅಂದಳು. ನಾನು ಹೌದಾ ಅಂದೆ. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ. ಉಳಿದ ಕಾಲೇಜುಗಳ ಪರವಾಗಿ ಒಬ್ಬೊಬ್ಬರು ವಾದ ಮಾಡಿ ತಮ್ಮ ರಾತ್ರಿ ಆಟಗಳನ್ನು ಕಡಿಮೆ ಮಾಡಿಸಿಕೊಂಡರಂತೆ, ನಮ್ಮ ಪರವಾಗಿ ಯಾರೂ ಇರಲಿಲ್ಲವಂತೆ. ಅವಳು ಇದನ್ನು ನಿನ್ನ ಹೊಗಳಿಕೆಯಾಗಿಯೇ ಹೇಳಿದಳು.

ಆ ರಾತ್ರಿಯಿಂದ ನಾನು ಅದನ್ನೇ ಯೋಚಿಸುತ್ತಿದ್ದೇನೆ. ನೀನು ಯಾಕೆ ಎದ್ದು ಹೋದೆ ಅಂತ ನನಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತು. ನಿನ್ನ ಅಪ್ಪ ಜಾನುವಾರು ಪ್ರದರ್ಶನದಲ್ಲಿ ತೀರ್ಪುಗಾರನಾಗಿದ್ದಾಗ ನಿನ್ನ ಕರುವಿಗೆ ಕೊನೆಯ ಸ್ಥಾನ ಕೊಟ್ಟ ಕಥೆ ನೀನು ನನಗೆ ಹೇಳಿದ್ದು ನಾವು ಮೊದಲ ಸಲ ನಡೆದಾಡಲು ಹೋದ ಸಂಜೆ. ಅದನ್ನು ನೀನು ಅಭಿಮಾನದಿಂದ ಹೇಳಿದ್ದೆ. ಆ ಕರು ನಿಜವಾಗಿ ಕೊನೆಯದಾಗಿತ್ತಾ ಅಂತ ನಾನು ಕೇಳಿದ್ದಕ್ಕೆ, ಇಲ್ಲ, ಎರಡನೆಯದು ಅಂದೆ. ನಾವಿಬ್ಬರೂ ನಕ್ಕಿದ್ದೆವು. ಆಗ ನಮಗೆ ಇಪ್ಪತ್ತು ದಾಟಿತ್ತಷ್ಟೆ, ನಗು ಬರುತ್ತಿತ್ತು.

ಇದನ್ನೂ ಹೇಳಬೇಕು, ನಾನೇನೂ ಹಾಲಿನಲ್ಲಿ ಮಿಂದು ಬಂದವಳಲ್ಲ. ಟೀವಿಯ ಹಣ ಬಂದ ಮೇಲೆ ತಾನೇ ನಮ್ಮ ಬ್ಯಾಂಡಿಗೆ ಹೊಸ ಟ್ಯೂಬಾ ಕಹಳೆಗಳು ಬಂದದ್ದು, ಹುಡುಗರ ಅಂಗಿಗಳ ತೋಳು ಮೊಣಕೈಗೆ ನಿಲ್ಲುವುದು ತಪ್ಪಿದ್ದು. ಆ ಪೆಟ್ಟಿಗೆಗಳನ್ನು ಬಿಚ್ಚಿದ ದಿನ ನಾನು ಮಕ್ಕಳಂತೆ ಕುಣಿದೆ. ಟೀವಿಯೇ ಬೇಡ ಅನ್ನುವ ಬಾಯಿ ನನಗಿಲ್ಲ. ರಾತ್ರಿ ಆಟ ಯಾರಾದರೂ ಆಡಲೇಬೇಕು. ಆದರೆ ನಗರದ ಮಧ್ಯೆ ಇರುವ ಕಾಲೇಜಿನವರು ಆಟ ಮುಗಿಸಿ ದೀಪದ ಬೀದಿಯಲ್ಲಿ ನಡೆದು ಮನೆ ಸೇರುತ್ತಾರೆ. ನಮ್ಮವರು ದೀಪವೇ ಇಲ್ಲದ ದಾರಿಯಲ್ಲಿ ಒಬ್ಬೊಬ್ಬರೇ ಹೋಗುತ್ತಾರೆ. ಎಲ್ಲರಿಗೂ ಒಂದೇ ಸಮ ಹಂಚಿದ್ದರೂ ಅದು ಸಮ ಆಗುತ್ತಿರಲಿಲ್ಲ, ಇನ್ನು ನಮಗೆ ಬಂದದ್ದು ಸಮಪಾಲೂ ಅಲ್ಲ.

ಈ ಬುಧವಾರ ವರ್ನಾ ಬ್ಯಾಂಡಿನ ಕೋಣೆಗೆ ಬಂದಿದ್ದಳು. ತೋಳು ಜೋಲಿಯಲ್ಲಿ, ತಂಗಿಯ ಮಗಳು ಕಾರಿನಲ್ಲಿ ಕರೆತಂದು ಹೊರಗೇ ಕಾಯುತ್ತಿದ್ದಳು. ಅಭ್ಯಾಸ ಮುಗಿದು ಮಕ್ಕಳು ಹೋಗಿದ್ದರು. ಡೋಲಿನವನ ಎತ್ತರದ ಪೀಠದ ಮೇಲೆ ಕೂತು ಸುತ್ತಲೂ ನೋಡಿದಳು, ಒಳಗಿನಿಂದ ಇದನ್ನು ನೋಡಿಯೇ ಇರಲಿಲ್ಲ ಅಂದಳು. ನಾನು ಸ್ವರದ ಹಾಳೆಗಳನ್ನು ಜೋಡಿಸುತ್ತಿದ್ದೆ. ಅವಳೇ ಶುರು ಮಾಡಿದಳು. “ಅರ್ಧ ಆಟ ಮುಗೀತಿದ್ದ ಹಾಗೇ ಹೊರಡೋಣ ಅಂದೆ ಕಣೇ. ಹುಡುಗ್ರು ಇನ್ನೂ ಆಡ್ತಿದ್ದಾರೆ ವರ್ನಾ, ನಡುವೆ ಎದ್ದು ಹೋಗೋದು ಹೆಂಗೆ, ಅಂದ. ಅವನದು ಯಾವಾಗಲೂ ಅದೇ.” ಆಮೇಲೆ ಗಾರ್ತ್ ಹೇಗಿದ್ದಾನೆ ಅಂತ ಕೇಳಿದಳು. ಕೆಮ್ಮು ಅಂದೆ. ಜೇನು ಹಾಕಿ ಬಿಸಿನೀರು ಕುಡಿಯಲು ಹೇಳು ಅಂದಳು. ಗಂಡನನ್ನು ಮಣ್ಣು ಮಾಡಿ ಇನ್ನೂ ವಾರ ಕಳೆದಿರದ ಹೆಂಗಸು ನಿನ್ನ ಕೆಮ್ಮಿಗೆ ಔಷಧಿ ಹೇಳುತ್ತಿದ್ದಳು, ಗಾರ್ತ್.

ಹೊರಡುವಾಗ ಬಾಗಿಲ ಹತ್ತಿರ ನಿಂತಳು. “ಗಾರ್ತ್ ಮೇಲೆ ನಂಗೆ ಸಿಟ್ಟಿಲ್ಲ. ನಿದ್ದೆ ಬಂದಿದ್ದು ಓರಿನ್‌ಗೆ. ಆದ್ರೆ ಒಂದು ಕೇಳ್ಬೇಕು ಅಂತ ಬಂದೆ. ಇದನ್ನೆಲ್ಲ ತೀರ್ಮಾನ ಮಾಡೋ ಆ ಕೋಣೇಲಿ, ನಮ್ಮನೆ ದಾರೀಲಿ ಗಾಡಿ ಓಡಿಸಿದೋರು ಒಬ್ಬರಾದ್ರೂ ಇದ್ರಾ?”

ನನಗೆ ಉತ್ತರ ಗೊತ್ತಿತ್ತು. ಒಬ್ಬನಿದ್ದ, ಅವನು ಬಾಗಿಲಾಚೆ ನಿಂತಿದ್ದ. ಅದನ್ನು ಅವಳಿಗೆ ಹೇಳಲಿಲ್ಲ. ಗೊತ್ತಿಲ್ಲ ವರ್ನಾ ಅಂದೆ. ಅವಳು ಪೆಟ್ಟಾಗದ ಕೈಯಿಂದ ನನ್ನ ಕೆನ್ನೆ ಮುಟ್ಟಿ ಹೋದಳು. ನಿನ್ನನ್ನು ಕಾಪಾಡಿದೆ ಅನ್ನಿಸಲಿಲ್ಲ. ನಮ್ಮಿಬ್ಬರ ನಡುವೆ ಇನ್ನೊಂದು ಊರಷ್ಟು ದೂರ ಸೇರಿಸಿದೆ ಅನ್ನಿಸಿತು.

ನೀನು ತಪ್ಪು ಮಾಡಿದೆ ಅಂತ ಈ ಕಾಗದ ಬರೆಯುತ್ತಿಲ್ಲ. ನಿನ್ನ ಕೈ ಶುದ್ಧವಾಗಿದೆ. ಅಷ್ಟು ಶುದ್ಧವಾಗಿರಲಿ ಅಂತ ನೀನು ಅದನ್ನು ಜೇಬಿನಲ್ಲಿಟ್ಟುಕೊಂಡೆ, ಇಲ್ಲಿಯ ಜನಕ್ಕೆ ಆ ಕೈ ಬೇಕಾಗಿತ್ತು. ನೀನು ನಮಗೆ ಹೆಚ್ಚು ಕೊಡಿಸಬೇಕಾಗಿರಲಿಲ್ಲ. ಈ ದಾರಿ ಎಷ್ಟು ಉದ್ದ, ಎಷ್ಟು ಕತ್ತಲು ಅಂತ ಒಂದು ಮಾತು ಹೇಳಿ ಆಮೇಲೆ ಎದ್ದು ಹೋಗಿದ್ದರೂ ಸಾಕಿತ್ತು. ಇದನ್ನು ಬರೆಯಲು ನನಗೆ ಎಷ್ಟು ಕಷ್ಟವಾಯಿತು ಅಂತ ಈ ಕಾಟು ಹೊಡೆದ ಸಾಲುಗಳೇ ಹೇಳುತ್ತವೆ. ಓದಿ ಸಿಟ್ಟು ಬಂದರೆ ಬರಲಿ, ಸುಮ್ಮನಿರಬೇಡ. ನಿನ್ನ ಸಿಟ್ಟಿನ ಜೊತೆ ಬದುಕಿ ನನಗೆ ಅಭ್ಯಾಸವಿದೆ.

ಇಪ್ಪತ್ತರ ಗುರುವಾರ ಡೆನ್ವರಿನಲ್ಲಿ ಒಕ್ಕೂಟದವರು ಎಲ್ಲ ಕಾಲೇಜುಗಳ ಅಹವಾಲು ಕೇಳುತ್ತಾರಂತಲ್ಲ, ನಮ್ಮೂರಿನ ಪರವಾಗಿಯೂ ಒಬ್ಬರು ಮಾತಾಡಬಹುದಂತೆ. ಲೋವೆಲ್ ಹೊಸ ಟೈ ಕೊಂಡಿದ್ದಾನೆ ಅಂತ ಸುದ್ದಿ. ಕೆಮ್ಮಿಗೆ ವರ್ನಾ ಹೇಳಿದ್ದನ್ನು ಮಾಡು. ನಿನ್ನ ದಪ್ಪ ಕಾಲುಚೀಲಗಳನ್ನು ಬೇರೆ ಪೊಟ್ಟಣದಲ್ಲಿ ಕಳಿಸುತ್ತಿದ್ದೇನೆ, ನೀಲಿಯದರ ಹಿಮ್ಮಡಿ ಹೊಲಿದಿದ್ದೇನೆ. ಬ್ಯಾಂಡಿನ ಮಕ್ಕಳೆಲ್ಲ ನಿನ್ನನ್ನು ಕೇಳುತ್ತಾರೆ. ಬಸ್ಸಿನಲ್ಲಿ ನಿನ್ನ ಹಾಗೆ ಕೆಟ್ಟ ಜೋಕು ಹೇಳುವವರು ಈಗ ಯಾರೂ ಇಲ್ಲವಂತೆ. ದೇವರು ನಿನ್ನನ್ನು ಬೆಚ್ಚಗಿಡಲಿ, ನಿನಗೆ ನಿದ್ದೆ ಕೊಡಲಿ.

ನಿನ್ನವಳೇ,
ಮಾರ್ಲಿಸ್

ಮತ್ತೆ: ಅಂಚೆಯವನ ಗಾಡಿ ತಿರುವಿನಲ್ಲಿ ಕಾಣುತ್ತಿದೆ, ಬೇಗ ಬೇಗ ಬರೆಯುತ್ತಿದ್ದೇನೆ. ಇವತ್ತು ಭಾನುವಾರ ಅಂತ ಶುರು ಮಾಡಿದ್ದು, ನೋಡು, ಸೋಮವಾರ ಆಗಿಹೋಯಿತು. ಲೋವೆಲ್ ಬರುವುದಿಲ್ಲ. ನಿನ್ನೆ ಸಂಜೆ ಚರ್ಚಿನಲ್ಲಿ ಸೇರಿದವರೆಲ್ಲ ನನ್ನ ಹೆಸರು ಹೇಳಿದರು, ನಾನು ಒಪ್ಪಿಕೊಂಡೆ. ಓರಿನ್ ಹೆಸರು ಎತ್ತುತ್ತೇನೆ, ವರ್ನಾ ಅನುಮತಿ ಕೊಟ್ಟಿದ್ದಾಳೆ. ನಿನ್ನ ವೇಳಾಪಟ್ಟಿ ಅನ್ಯಾಯದ್ದು ಅಂತ ನಿನ್ನ ಮೇಲಧಿಕಾರಿಗಳ ಎದುರು ಹೇಳುತ್ತೇನೆ. ಯಾರ ಹೆಂಡತಿ ಅಂತ ಕೇಳಿದರೆ ಅದನ್ನೂ ಹೇಳುತ್ತೇನೆ. ಪೇಪರಿನಲ್ಲಿ ಓದುವ ಮುಂಚೆ ನನ್ನಿಂದಲೇ ನಿನಗೆ ಗೊತ್ತಾಗಲಿ. ಕಾಲೇಜಿನವರು ಡೆನ್ವರಿನ ಹೋಟೆಲಿನಲ್ಲಿ ಕೋಣೆ ಹಿಡಿಯುತ್ತೇವೆ ಅಂದರು. ಬೇಡ ಅಂದಿದ್ದೇನೆ. ಸಭೆ ಮುಗಿದ ಮೇಲೆ ನಿನ್ನ ಮನೆಗೆ ಬರಬಹುದಾ ಅಂತ ತಿಳಿಸು.